ಗುಳುಗುಳು ಎಂದ ಮನೆ

ಮೊಣಕಾಲು ಗಟ್ಟಿಯಿರುವ ತನಕ ಮೆಟ್ಟಿಲು ಯಾರ ಕಣ್ಣಿಗೂ ಬೀಳುವುದಿಲ್ಲ. ಐರಿಸ್ ಅಜ್ಜಿಯ ಕಣ್ಣಿಗೂ ಬಿದ್ದಿರಲಿಲ್ಲ. ಜನವರಿಯಲ್ಲಿ ಬೇಕರಿಯ ಮುಂದೆ ಹೆಪ್ಪುಗಟ್ಟಿದ ನೀರಿನ ಮೇಲೆ ಕಾಲು ಜಾರಿ ಸೊಂಟ ಮುರಿದುಕೊಂಡರು ನೋಡಿ, ಆಮೇಲೆ ಮೆಟ್ಟಿಲು ಬಿಟ್ಟು ಬೇರೇನೂ ಕಾಣದಾಯಿತು. ಮಗ ಡೆನ್ಜಿಲ್ ಮತ್ತು ಸೊಸೆ ಗ್ವೆಂಡಾ ಜೊತೆ ಅವರಿದ್ದದ್ದು ಇಂಗ್ಲೆಂಡಿನ ಕುಂಬಾರರ ಊರಾದ ಬರ್ಸ್ಲೆಮ್‌ನ ಒಂದು ಬಾಡಿಗೆ ಕಟ್ಟಡದ ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಆಸ್ಪತ್ರೆಯವರು ಹೊತ್ತು ತಂದು ಮೇಲೆ ಕೂರಿಸಿ ಹೋದರು. ಅಜ್ಜಿ ಮತ್ತೆ ಕೆಳಗಿಳಿದಿರಲಿಲ್ಲ.

ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಬೀದಿಯನ್ನು ಮೇಲಿನಿಂದ ನೋಡುವುದೇ ಕೆಲಸವಾಯಿತು. ಮುಖ ಕಾಣದು, ನೆತ್ತಿ ಮಾತ್ರ ಕಂಡೀತು. ನೆತ್ತಿ ನೋಡಿಯೇ ಊರ ಸುದ್ದಿ ಹೇಳುತ್ತಿದ್ದರು.

"ಪೋಸ್ಟ್ ಹಂಚೋ ಬಾತುವಿನ ಬೋಳು ಹೋದ ವಾರಕ್ಕಿಂತ ದೊಡ್ಡದಾಗಿದೆ. ಹೆಂಡತಿ ಜೊತೆ ಜಗಳ ಇರಬೇಕು."

ಆ ಕಡೆಯಲ್ಲಿ ಯಾರನ್ನು ಕರೆಯುವುದೂ ಹಾಗೆಯೇ, ಪ್ರೀತಿ ಉಕ್ಕಿದರೂ ಬಾತುಕೋಳಿಯೇ, ಸಿಟ್ಟು ಉಕ್ಕಿದರೂ ಬಾತುಕೋಳಿಯೇ. ಅಜ್ಜಿಯ ಬಾಯಲ್ಲಿ ಪಾದ್ರಿಯೂ ಬಾತು, ಡಾಕ್ಟರೂ ಬಾತು.

ಹೀಗಿರುವಾಗ ಸ್ಯಾಗರ್ ಸ್ಟ್ರೀಟಿನಲ್ಲಿ ಒಂದು ಮನೆ ಮಾರಾಟಕ್ಕೆ ಬಂತು. ಸಾಲುಮನೆಗಳ ಕೊನೆಯ ಮನೆ, ಕೆಂಪು ಇಟ್ಟಿಗೆಯದು. ಹಿಂದುಗಡೆ ಆಮೇಲೆ ಸೇರಿಸಿ ಕಟ್ಟಿದ ಒಂದು ಕೋಣೆ. ಅದಕ್ಕೆ ಅಂಟಿಕೊಂಡೇ ಕಮೋಡು, ಕೈತೊಳೆಯುವ ಸಿಂಕು. ಒಂದೇ ಒಂದು ಮೆಟ್ಟಿಲು ಹತ್ತದೆ ಅಜ್ಜಿ ಹಾಸಿಗೆಯಿಂದ ಕಮೋಡಿಗೆ, ಕಮೋಡಿನಿಂದ ಅಂಗಳಕ್ಕೆ ಹೋಗಬಹುದು. ಡೆನ್ಜಿಲ್ ಟನಿಕ್ಲಿಫ್‌ಗೆ ಅವತ್ತಿನಿಂದ ನಿಂತಲ್ಲಿ ನಿಲ್ಲಲಾಗಲಿಲ್ಲ. ಜೇಬಿನಲ್ಲಿ ಅಳತೆ ಟೇಪು, ಕೈಯಲ್ಲಿ ಫೋನು. ಫೋನು ಬರದಿದ್ದರೆ ಯಾಕೆ ಬರಲಿಲ್ಲ ಎಂದು ಒದ್ದಾಟ. ಬಂದರೆ ಮನೆ ಬೇರೆಯವರ ಪಾಲಾಯಿತೇನೋ ಎಂದು ಒದ್ದಾಟ. ಶುಕ್ರವಾರ ಕರಾರು. ಆ ದೇಶದಲ್ಲಿ ಕರಾರಾಗುವವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಕರಾರಾದ ಮೇಲೆ ತಕರಾರು ನಡೆಯದು.

ಭಾನುವಾರ ಮಧ್ಯಾಹ್ನದ ಊಟಕ್ಕೆ ಗಂಡ ಹೆಂಡತಿ ರೋವೀನಾಳ ಮನೆಗೆ ಹೋದರು. ರೋವೀನಾ ಗ್ವೆಂಡಾಳ ಅಕ್ಕ. ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಮನೆಯಲ್ಲೂ ಮೇಷ್ಟರಿಕೆ ಬಿಟ್ಟವಳಲ್ಲ. ಹುರಿದ ಮಾಂಸ, ಆಲೂಗಡ್ಡೆ, ಮೇಲೆ ಗ್ರೇವಿ. ಡೆನ್ಜಿಲ್ ತಿನ್ನುವುದು ಬಿಟ್ಟು ಮನೆ ಮಾರಿಸುವ ಏಜೆಂಟ್ ಜೂಲಿಯನ್‌ನ ನಕಲು ಮಾಡುತ್ತಿದ್ದ. ಮೂಗನ್ನು ಮೇಲೆತ್ತಿ, ಎರಡು ಬೆರಳಿನಲ್ಲಿ ಇಲ್ಲದ ಟೈ ಸರಿಮಾಡಿಕೊಂಡು:

"ಇದು ಲವ್ಲಿ ಹಾಲ್, ಮಿಸ್ಟರ್ ಟನಿಕ್ಲಿಫ್. ಇದು ಲವ್ಲಿ ಕಿಟಕಿ. ಕಿಟಕಿ ಆಚೆ ಇರೋದು ಲವ್ಲಿ ಗೋಡೆ!"

ಗ್ವೆಂಡಾ ನಕ್ಕು ನಕ್ಕು ನೀರು ಕುಡಿದಳು. ರೋವೀನಾ ನಗಲಿಲ್ಲ.

"ಚರಂಡಿ ನೋಡಿದ್ರಾ?"

"ಏನು?"

"ಚರಂಡಿ ಕಣೋ. ಪೈಪು. ಮೇಲಿಂದ ಹೋಗಿದ್ದು ಕೆಳಗೆ ಎಲ್ಲಿಗೆ ಹೋಗುತ್ತೆ ಅಂತ."

"ಊಟದ ಹೊತ್ತಲ್ಲಿ ಎತ್ತೋ ಮಾತಾ ರೋವೀನಾ ಇದು? ಗ್ರೇವಿ ಸುರಿತಾ ಇದೀನಿ ನಾನು," ಎಂದ ಡೆನ್ಜಿಲ್.

"ಊಟ ಮಾಡಿದ್ದೇ ತಾನೇ ಅಲ್ಲಿಗೆ ಹೋಗೋದು?"

ಡೆನ್ಜಿಲ್ ಫೋರ್ಕು ಕೆಳಗಿಟ್ಟ. "ವಕೀಲರು ನೀರಿನ ಕಂಪನಿಯಿಂದ ಕಾಗದ ತರಿಸಿದಾರೆ. ಮನೆ ಊರ ಚರಂಡಿಗೆ ಸೇರಿದೆ ಅಂತ ಸ್ಪಷ್ಟವಾಗಿ ಬರೆದಿದೆ. ಇನ್ನೇನು ಬೇಕು?"

"ನಿಮ್ಮಿಬ್ಬರ ಮದುವೆ ಆಗಿದೆ ಅಂತಾನೂ ಕಾಗದದಲ್ಲಿ ಬರೆದಿದೆ. ಗಂಡ ಹೆಂಡತಿ ಮಾತಾಡ್ತಾರೋ ಇಲ್ಲವೋ ಅಂತ ಆ ಕಾಗದ ಹೇಳುತ್ತಾ? ಸೇರಿದೆ ಅನ್ನುತ್ತೆ ಅಷ್ಟೆ. ಪೈಪು ಒಡೆದಿದ್ಯಾ, ಕುಸಿದಿದ್ಯಾ, ಬೇರು ನುಗ್ಗಿದ್ಯಾ, ಇದೆಲ್ಲ ಅದಕ್ಕೆ ಗೊತ್ತಿಲ್ಲ."

"ಎಂಜಿನಿಯರ್ ಬಂದು ಮನೆ ಪೂರ್ತಿ ನೋಡಿ ಹೋಗಿದಾನಲ್ಲ!"

"ಅವನ ವರದಿ ಓದಿದ್ಯಾ? 'ನೆಲದಡಿಯ ಪೈಪುಗಳನ್ನು ನಾವು ಪರೀಕ್ಷಿಸಿಲ್ಲ, ಬೇರೆಯವರಿಂದ ಪರೀಕ್ಷೆ ಮಾಡಿಸಿ' ಅಂತ ಒಂದು ಸಾಲು ಇದ್ದೇ ಇರುತ್ತೆ. ನಮ್ಮ ವರದಿಯಲ್ಲೂ ಇತ್ತು. ನಾನೂ ಓದಲಿಲ್ಲ. ಮನೆ ನೋಡೋಕೆ ಹೋದಾಗ ನಿನ್ನ ಥರಾನೇ ಲವ್ಲಿ ಲವ್ಲಿ ಅಂತ ತಿರುಗಿದೆ. ಆ ಲವ್ಲಿ ಎಲ್ಲ ಕ್ರಿಸ್‌ಮಸ್ ದಿವಸ ಈ ಸಿಂಕಿಂದ ಮೇಲೆ ಬಂತು. ನೀನು ಆಗ ಏನಂದೆ ನೆನಪಿದ್ಯಾ?"

ನೆನಪಿತ್ತು. ಟರ್ಕಿಗಿಂತ ಗ್ರೇವಿ ಜಾಸ್ತಿಯಾಯಿತು ಎಂದು ಎಲ್ಲರೆದುರು ನಗಾಡಿದ್ದ. ಈಗ ತಟ್ಟೆಯ ಕಡೆ ನೋಡಿದ.

"ಕಷ್ಟದ ಕೆಲಸ ಏನಲ್ಲ," ರೋವೀನಾಳ ದನಿ ಇಳಿಯಿತು. "ಇನ್ನೊಂದು ಸಲ ಮನೆ ನೋಡ್ತೀವಿ ಅನ್ನಿ. ಒಬ್ಬರು ಮಹಡಿ ಮೇಲೆ ಫ್ಲಶ್ ಮಾಡಿ. ಇನ್ನೊಬ್ಬರು ಕೆಳಗೆ ಕಮೋಡಿನ ಹತ್ತಿರ ನಿಂತು ಕಿವಿಗೊಟ್ಟು ಕೇಳಿ. ಸಿಂಕಲ್ಲಿ ನೀರು ತುಂಬಿಸಿ ಬಿಟ್ಟು ನೋಡಿ. ಅಂಗಳದಲ್ಲಿ ಚರಂಡಿಯ ಚೇಂಬರ್ ಮುಚ್ಚಳ ಎಲ್ಲಿದೆ ಹುಡುಕಿ. ಅನುಮಾನ ಬಂದ್ರೆ, ಬರದಿದ್ರೂ, ಪೈಪಿಗೆ ಕ್ಯಾಮೆರಾ ಬಿಡಿಸಿ. ಪಕ್ಕದ ಮನೆಗಳ ಜೊತೆ ಹಂಚಿಕೊಂಡ ಪೈಪಾದ್ರೆ ನೀರಿನ ಕಂಪನಿ ನೋಡಿಕೊಳ್ಳುತ್ತೆ. ನಿಮ್ಮೊಬ್ಬರದ್ದೇ ಪೈಪಾದ್ರೆ ಗೇಟಿನ ಒಳಗಿರೋದೆಲ್ಲ ನಿಮ್ಮ ತಲೆಗೇ."

"ಇನ್ನೊಬ್ಬರ ಮನೆಗೆ ಹೋಗಿ ಅವರ ಕಮೋಡು ಫ್ಲಶ್ ಮಾಡೋದಾ?" ಡೆನ್ಜಿಲ್‌ನ ದನಿ ಏರಿತು. "ಮಿಸ್ಟರ್ ಹೋಲ್ಡ್‌ಕ್ರಾಫ್ಟ್ ಎಷ್ಟು ಮರ್ಯಾದಸ್ಥರು ಗೊತ್ತಾ! ನಾವು ಹೋದಾಗ ಬ್ರೆಡ್ ಬೇಯಿಸ್ತಾ ಇದ್ರು. ಮನೆಯೆಲ್ಲ ಘಮ ಘಮ. ಅಂಥವರ ಮುಂದೆ ನಿಂತು... ನನ್ನ ಕೈಲಾಗಲ್ಲಪ್ಪ. ಆ ಕ್ಯಾಮೆರಾಗೆ ಕೊಡೋ ದುಡ್ಡಲ್ಲಿ ಅಮ್ಮನ ಕೋಣೆಗೆ ಕರ್ಟನ್ ಬರುತ್ತೆ."

"ಸರಿ, ಉದ್ದದ ಕರ್ಟನ್ನೇ ತಗೋ," ರೋವೀನಾ ಆಲೂಗಡ್ಡೆ ಬಡಿಸುತ್ತ ಹೇಳಿದಳು, "ನೆಲ ಒರೆಸೋಕೂ ಆಗುತ್ತೆ."

ಸೋಮವಾರ ಡೆನ್ಜಿಲ್‌ಗೆ ಕಿವಿಯ ಕಾಟ ಶುರುವಾಯಿತು. ಹಲ್ಲುಜ್ಜುವಾಗ ಸಿಂಕು ಏನೋ ಹೇಳಿದಂತೆ. ಬಸ್ ನಿಲ್ದಾಣದ ಪಕ್ಕದ ಮೋರಿ ಏನೋ ಗೊಣಗಿದಂತೆ. ಅವನು ಕೆಲಸ ಮಾಡುತ್ತಿದ್ದದ್ದು ಬಣ್ಣದ ಅಂಗಡಿಯಲ್ಲಿ. ಗೋಡೆ ಬಣ್ಣಗಳನ್ನು ಹೆಸರು ಹಿಡಿದು ಕರೆಯಬಲ್ಲ ಗಟ್ಟಿಗ. ಮಧ್ಯಾಹ್ನ ಗಿರಾಕಿ ಹೆಂಗಸೊಬ್ಬಳು ಬಂದು ಗೋಡೆಯ ಬುಡದಲ್ಲಿ ಕಂದು ಗೆರೆ ಮೂಡಿದೆ, ಎಷ್ಟು ಬಳಿದರೂ ಮತ್ತೆ ಕಾಣುತ್ತದೆ ಎಂದಳು.

"ಮೊದಲು ಕಲೆ ಮುಚ್ಚೋ ಪ್ರೈಮರ್ ಹಾಕಿ ಮೇಡಂ. ವಾಸನೆ ಸ್ವಲ್ಪ ಘಾಟು. ಆದ್ರೆ ನೆನಪಿರಲಿ, ಪ್ರೈಮರ್ ಕಲೆ ಮುಚ್ಚುತ್ತೆ, ನೀರು ನಿಲ್ಲಿಸಲ್ಲ. ನೀರು ಎಲ್ಲಿಂದ ಬರ್ತಿದೆ ಅಂತ ಮೊದಲು ನೋಡಿಸಿ."

ಹೇಳಿ ಮುಗಿಸಿದವನು ಡಬ್ಬ ಹಿಡಿದುಕೊಂಡೇ ನಿಂತುಬಿಟ್ಟ. ಏನೋ ನೆನಪಿಗೆ ಬರುವಂತಿತ್ತು, ಬರಲಿಲ್ಲ. "ಕೊಡ್ತೀರಾ, ನೀವೇ ಇಟ್ಕೋತೀರಾ?" ಎಂದಳು ಹೆಂಗಸು.

ಮಂಗಳವಾರ ಜೂಲಿಯನ್ ಫೋನು. "ಗಾಬರಿ ಬೀಳಿಸ್ತಿಲ್ಲ ಮಿಸ್ಟರ್ ಟನಿಕ್ಲಿಫ್, ಆದ್ರೆ ಇನ್ನೊಂದು ಜೋಡಿ ಆ ಮನೆ ಮೇಲೆ ಕಣ್ಣಿಟ್ಟಿದೆ. ಲವ್ಲಿ ಜೋಡಿ. ಹೋಲ್ಡ್‌ಕ್ರಾಫ್ಟ್ ಅವರು ಮಗಳ ಊರಲ್ಲಿ ಮನೆ ನೋಡಿದಾರೆ. ಆ ಮನೆಯವರು ಇನ್ನೊಂದು ಮನೆ ನೋಡಿದಾರೆ. ಎಲ್ಲ ಸರಪಳಿ. ನೀವು ಜಗ್ಗಿದ್ರೆ ಎಲ್ಲರೂ ಬಿದ್ರು."

ಡೆನ್ಜಿಲ್ ಜಗ್ಗುವುದಿಲ್ಲ ಎಂದು ಭಾಷೆ ಕೊಟ್ಟ. ಫೋನಿಟ್ಟ ಮೇಲೆ ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ ತಿರುಗಿದ.

"ಕೂತ್ಕೊಳ್ಳೋ," ಎಂದರು ಅಜ್ಜಿ. ದೋಸೆಯಂಥ ಓಟ್‌ಕೇಕಿನೊಳಗೆ ಚೀಸು ಸುತ್ತಿ ತಿನ್ನುತ್ತಿದ್ದರು. "ನೀನು ತಿರುಗೋದು ನೋಡಿ ನನಗೆ ಇರೋ ಸೊಂಟಾನೂ ನೋಯ್ತಿದೆ. ಏನಂತೆ ಏಜೆಂಟು?"

"ಬೇಗ ಬೇಗ ಅಂತಿದಾನೆ. ರೋವೀನಾ ನೋಡಿದ್ರೆ ಚರಂಡಿ ಚರಂಡಿ ಅಂತಿದಾಳೆ."

"ಹಾಗಾದ್ರೆ ನಾನೂ ಒಂದು ಮಾತು ಹೇಳ್ತೀನಿ ಬಾತು. ಆ ಕೋಣೇಲಿ ಮಲಗೋಳು ನಾನು. ಬಹುಶಃ ಅಲ್ಲೇ ಕಣ್ಮುಚ್ಚೋಳೂ ನಾನೇ. ನೀವಿಬ್ರೂ ನೋಡಿ ಬಂದ್ರಿ, ಎಂಜಿನಿಯರ್ ನೋಡಿದ, ಆ ಲವ್ಲಿ ನೋಡಿದ. ನನಗೆ ಮಾತ್ರ ಫೋಟೋ. ನಾಳೆ ನನ್ನನ್ನ ಕರ್ಕೊಂಡು ಹೋಗು."

"ಅಮ್ಮ, ಮೂರು ಮಹಡಿ..."

"ಕೆಳಗಿನ ಮನೆ ಹುಡುಗರಿಬ್ಬರೂ ಜಿಮ್‌ಗೆ ಹೋಗ್ತಾರಲ್ಲ. ದುಡ್ಡು ಕೊಟ್ಟು ಕಬ್ಬಿಣ ಎತ್ತೋ ಬದಲು ಪುಕ್ಕಟೆ ನನ್ನನ್ನ ಎತ್ತಲಿ."

ಬುಧವಾರ ಅಜ್ಜಿಯನ್ನು ಕುರ್ಚಿ ಸಮೇತ ಇಳಿಸಿದರು. ಐದು ತಿಂಗಳ ಮೇಲೆ ಬೀದಿಗೆ ಬಂದವರು ಮೊದಲು ಮಾಡಿದ ಕೆಲಸವೆಂದರೆ ಎದುರಿಗೆ ಸಿಕ್ಕ ಪೋಸ್ಟಿನವನನ್ನು ನಿಲ್ಲಿಸಿ, "ನಿನಗೆ ಮುಖಾನೂ ಇದೆಯಲ್ಲೋ ಬಾತು, ಮರೆತೇಬಿಟ್ಟಿದ್ದೆ" ಎಂದು ಕೆನ್ನೆ ಚಿವುಟಿದ್ದು. ಗಾಳಿಯನ್ನು ಬಾಯಿ ತೆರೆದು ಕುಡಿದರು. ಡೆನ್ಜಿಲ್ ಅದನ್ನು ನೋಡಿದ. ಈ ಮನೆ ಕೈತಪ್ಪಬಾರದು ಎನ್ನುವ ಸಂಕಟ ಇನ್ನೂ ಗಟ್ಟಿಯಾಯಿತು.

ಸ್ಯಾಗರ್ ಸ್ಟ್ರೀಟಿನ ಮನೆಯಲ್ಲಿ ಅವತ್ತೂ ಬ್ರೆಡ್ ಬೇಯುತ್ತಿತ್ತು. ಬ್ರೆಡ್ಡಿನ ಘಮದ ಹಿಂದೆ ಕೋಣೆ ಕೋಣೆಗೂ ಲ್ಯಾವೆಂಡರ್ ಪರಿಮಳದ ಕಡ್ಡಿಗಳು. ಮಿಸ್ಟರ್ ಹೋಲ್ಡ್‌ಕ್ರಾಫ್ಟ್ ಎಪ್ಪತ್ತು ದಾಟಿದವರು, ಬೆನ್ನು ನೆಟ್ಟಗಿತ್ತು. ಅಜ್ಜಿಗೆ ಬಾಗಿಲು ಹಿಡಿದು ನಿಂತರು. ಜೂಲಿಯನ್ ಟೈ ಸರಿಮಾಡಿಕೊಂಡ.

"ಲವ್ಲಿ ಟು ಮೀಟ್ ಯು, ಮಿಸೆಸ್ ಟನಿಕ್ಲಿಫ್."

ಅಜ್ಜಿ ಮಗನ ಕಡೆ ತಿರುಗಿದರು. "ನೀನು ಇವನ ನಕಲು ಚೆನ್ನಾಗೇ ಮಾಡ್ತೀಯ ಕಣೋ."

ಗ್ವೆಂಡಾ ಕಿಟಕಿ ಅಳೆಯುವ ನೆಪದಲ್ಲಿ ಮಹಡಿ ಹತ್ತಿದಳು. ಅವಳ ತಲೆಯಲ್ಲಿ ಅಕ್ಕನ ಮಾತು ಕೊರೆಯುತ್ತಿತ್ತು. ಗಂಡನಿಗೆ ಹೇಳಿದರೆ ಬೇಡವೆನ್ನುತ್ತಾನೆಂದು ಹೇಳಿರಲಿಲ್ಲ. ಕೆಳಗೆ ಅಜ್ಜಿ ವಾಕರ್ ಹಿಡಿದು ಹಿಂದಿನ ಕೋಣೆಯಲ್ಲಿ ಒಂದು ಸುತ್ತು ಹಾಕಿದರು. ಕಿಟಕಿಯಾಚೆ ಅಂಗಳ, ಅಂಗಳದ ನಡುವೆ ದೊಡ್ಡ ಮಣ್ಣಿನ ಕುಂಡದಲ್ಲಿ ಒಂದು ಗಿಡ. ಅಜ್ಜಿಯ ಕಣ್ಣು ತೇವವಾಯಿತು. ಆಮೇಲೆ ಮುಖ ಕಿವುಚಿಕೊಂಡರು.

"ಕ್ಷಮಿಸಿ ಮಿಸ್ಟರ್ ಹೋಲ್ಡ್‌ಕ್ರಾಫ್ಟ್, ನಿಮ್ಮ ಬಚ್ಚಲು ಉಪಯೋಗಿಸಬಹುದಾ?"

ಆ ಜನ ಬೇರೆಯವರ ಮನೆ ನೋಡಲು ಹೋದಾಗ ಹೊಟ್ಟೆ ಬಿರಿದರೂ ಆ ಮಾತು ಎತ್ತುವವರಲ್ಲ. ಡೆನ್ಜಿಲ್‌ನ ಕಿವಿ ಕೆಂಪಾಯಿತು. "ಅಮ್ಮ, ಮನೆಗೆ ಹೋದ ಮೇಲೆ..."

"ಮೂರು ಮಹಡಿ ಹತ್ತೋವರೆಗೆ ಇರುತ್ತೇನೋ ಅದು?"

ಹೋಲ್ಡ್‌ಕ್ರಾಫ್ಟ್ ಒಂದು ಗಳಿಗೆ ಅನುಮಾನಿಸಿದರು. "ಮೇಲಿನದು... ಇಲ್ಲ, ನಿಮಗೆ ಮೆಟ್ಟಿಲು... ಸರಿ, ಇದೇ ಆಗಲಿ."

ಅಜ್ಜಿ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಹೊರಗೆ ಮೂವರು ಗಂಡಸರು ಹವಾಮಾನದ ಬಗ್ಗೆ ಮಾತಾಡಿದರು. ಮೋಡವಿದೆ ಎಂದ ಒಬ್ಬ. ಇದೆ ಎಂದ ಇನ್ನೊಬ್ಬ. ಅದೇ ಹೊತ್ತಿಗೆ ಮಹಡಿಯ ಮೇಲೆ ಗ್ವೆಂಡಾ ಕಣ್ಣುಮುಚ್ಚಿ ಫ್ಲಶ್ ಒತ್ತಿದಳು. ನೀರು ಗೋಡೆಯೊಳಗೆ ಧಡಧಡನೆ ಇಳಿಯಿತು, ನೆಲದಡಿಗೆ ಹೋಯಿತು, ಅಲ್ಲಿ ಒಂದು ಕ್ಷಣ ತಡೆಯಿತು. ಆಮೇಲೆ ಮುಚ್ಚಿದ ಬಾಗಿಲಿನ ಹಿಂದಿನಿಂದ ದೊಡ್ಡದಾಗಿ ಕೇಳಿಸಿತು:

ಗುಳು. ಗುಳುಗುಳು. ಗುಳುಗುಳುಗುಳುಕ್.

"ಡೆನ್ಜಿಲ್!" ಅಜ್ಜಿಯ ಕೂಗು. "ಕೆಳಗಿಂದ ಯಾರೋ ಮಾತಾಡಿಸ್ತಿದಾರೆ!"

ಸಿಂಕಿನ ತೂತಿನಿಂದಲೂ ಒಂದು ತೇಗು ಬಂತು. ಅದರ ಹಿಂದೆಯೇ ಒಂದು ವಾಸನೆ. ಲ್ಯಾವೆಂಡರು ಅದರ ಮುಂದೆ ಕೈಮುಗಿದು ಪಕ್ಕಕ್ಕೆ ಸರಿಯಿತು.

ಜೂಲಿಯನ್ ಬಾಯಿ ತೆರೆದ. ಅಭ್ಯಾಸಬಲದಿಂದ "ಲವ್..." ಎಂದವನು ಅಲ್ಲಿಗೇ ನಿಲ್ಲಿಸಿದ.

ಡೆನ್ಜಿಲ್ ತಾಯಿಯನ್ನು ಕೋಣೆಗೆ ಕರೆತಂದು ಕೂರಿಸಲು ಬಗ್ಗಿದ. ಬಗ್ಗಿದವನ ಮುಖ ಗೋಡೆಯ ಬುಡಕ್ಕೆ ಹತ್ತಿರವಾಯಿತು. ಮೊದಲ ಸಲ ಬಂದಾಗ ಮೆಚ್ಚಿಕೊಂಡಿದ್ದ ಹಾಲುಕೆನೆ ಬಣ್ಣ. ಆದರೆ ಮೊಣಕಾಲೆತ್ತರದವರೆಗೆ ಅದು ಬೇರೆಯೇ ಇತ್ತು. ಒಂದು ಕೂದಲಿನಷ್ಟು ಹೆಚ್ಚು ಬಿಳುಪು. ಬೇರೆಯವರಿಗೆ ಕಾಣದು, ಬಣ್ಣದ ಅಂಗಡಿಯವನಿಗೆ ಕಾಣದಿರದು. ಮೂಗು ಹತ್ತಿರ ತಂದ. ಆ ಘಾಟು ಅವನಿಗೆ ಚೆನ್ನಾಗಿ ಗೊತ್ತು. ಕಲೆ ಮುಚ್ಚುವ ಪ್ರೈಮರು. ಸೋಮವಾರ ಡಬ್ಬ ಹಿಡಿದು ನಿಂತಾಗ ನೆನಪಿಗೆ ಬರದಿದ್ದದ್ದು ಇದೇ.

ನಾಲ್ಕು ಗೋಡೆಗಳನ್ನೂ ಕಣ್ಣಲ್ಲೇ ಸುತ್ತಿದ. ನಾಲ್ಕಕ್ಕೂ ಒಂದೇ ಎತ್ತರ. ಈ ಕೋಣೆಯಲ್ಲಿ ಯಾವಾಗಲೋ ಏನೋ ಅಷ್ಟೆತ್ತರ ನಿಂತಿತ್ತು. ಅಮ್ಮನ ಹಾಸಿಗೆ ಬರುವುದು ಈ ಗೋಡೆಗೆ. ಹಾಸಿಗೆ ಮೊಣಕಾಲೆತ್ತರಕ್ಕಿಂತ ಕೆಳಗಿರುತ್ತದೆ. ಅವರು ತಾವಾಗಿ ಎದ್ದು ಓಡಲಾರರು.

ಅವನು ನೆಟ್ಟಗೆ ನಿಂತ.

"ಮಿಸ್ಟರ್ ಹೋಲ್ಡ್‌ಕ್ರಾಫ್ಟ್, ಚೇಂಬರ್ ಮುಚ್ಚಳ ಎಲ್ಲಿದೆ?" ಎಂದ. ಕೇಳಿದ್ದು ತಾನೇ ಎಂದು ಅವನಿಗೇ ಆಶ್ಚರ್ಯವಾಯಿತು.

ಮುದುಕರು ಕಿಟಕಿಯಾಚೆ, ಗಿಡದ ಕುಂಡದ ಕಡೆ ನೋಡಿದರು.

ಶುಕ್ರವಾರ ಕರಾರಾಗಲಿಲ್ಲ. ಆ ಒಂದು ಫೋನು ಮಾಡಲು ಡೆನ್ಜಿಲ್ ಪಟ್ಟ ಪಾಡು ಹೇಳತೀರದು. 'ಇಲ್ಲ' ಎನ್ನುವ ಎರಡಕ್ಷರಕ್ಕೆ ಮುಂಚೆ ಹತ್ತು ಸಲ 'ಕ್ಷಮಿಸಿ' ಎಂದ.

"ಕ್ಷಮಿಸಿ ಜೂಲಿಯನ್, ಚರಂಡಿಗೆ ಕ್ಯಾಮೆರಾ ಬಿಡಿಸೋವರೆಗೆ ಸಹಿ ಹಾಕಲ್ಲ."

"ಆ ಇನ್ನೊಂದು ಜೋಡಿ ಕಾಯ್ತಾ ಇದೆ ಮಿಸ್ಟರ್ ಟನಿಕ್ಲಿಫ್!"

"ಕ್ಷಮಿಸಿ. ಅವರು ಬಂದ್ರೆ ಕೆಳಗಿನ ಬಚ್ಚಲಿಗೆ ಕರ್ಕೊಂಡು ಹೋಗಿ. ನೀವು ಮೇಲೆ ಹೋಗಿ ಫ್ಲಶ್ ಮಾಡಿ."

ಇನ್ನೊಂದು ಜೋಡಿಯ ಸುದ್ದಿ ಆಮೇಲೆ ಬರಲಿಲ್ಲ.

ಫೋನಿಟ್ಟವನಿಗೆ ಸಮಾಧಾನವೇನೂ ಆಗಲಿಲ್ಲ. ಮನೆ ತಪ್ಪಿದರೆ ಅಮ್ಮ ಇನ್ನೊಂದು ಚಳಿಗಾಲ ಆ ಕಿಟಕಿಯ ಪಕ್ಕ ನೆತ್ತಿ ನೋಡುತ್ತ ಕೂರಬೇಕು. ತಿಂಡಿ ರುಚಿಸಲಿಲ್ಲ. ಅಂಗಡಿಯಲ್ಲಿ ನೀಲಿ ಕೇಳಿದವರಿಗೆ ಹಸಿರು ಕಲಸಿ ಕೊಟ್ಟ.

ಸೋಮವಾರ ಕ್ಯಾಮೆರಾದವರು ಬಂದರು. ಹೋಲ್ಡ್‌ಕ್ರಾಫ್ಟ್ ಒಪ್ಪಿದ್ದರು, ಒಪ್ಪದಿದ್ದರೆ ಅದೇ ಒಂದು ಉತ್ತರವಾಗುತ್ತದೆ ಎಂದು ಅವರಿಗೂ ಗೊತ್ತಿತ್ತು. ರೋವೀನಾ ಶಾಲೆಗೆ ರಜೆ ಹಾಕಿ ಬಂದು ನಿಂತಿದ್ದಳು. ಕುಂಡವನ್ನು ಪಕ್ಕಕ್ಕೆ ಸರಿಸಿದರು. ಅದರಡಿ ಕಬ್ಬಿಣದ ಮುಚ್ಚಳ. ಮುಚ್ಚಳ ಎತ್ತಿದರೆ ಹರಿದು ಹೋಗಿ ಖಾಲಿಯಿರಬೇಕಾದ ಚೇಂಬರಿನಲ್ಲಿ ಅರ್ಧದವರೆಗೆ ನಿಂತ ನೀರು. ಅದನ್ನು ಹೀರಿ ತೆಗೆದು, ಉದ್ದನೆಯ ಕೇಬಲ್ಲಿನ ತುದಿಗೆ ಕ್ಯಾಮೆರಾ ಕಟ್ಟಿ ಪೈಪಿನೊಳಗೆ ಬಿಟ್ಟರು. ಪೆಟ್ಟಿಗೆಯ ಮೇಲಿನ ಪರದೆಯಲ್ಲಿ ಚಿತ್ರ ಮೂಡಿತು. ಎಲ್ಲರೂ ತಲೆ ಕೂಡಿಸಿ ನೋಡಿದರು.

ಮೊದಲು ನಯವಾದ ಕಂದು ಪೈಪು, ಹಳೆಯ ಸುಟ್ಟ ಮಣ್ಣಿನದು. ಆ ಊರಿನ ಭಟ್ಟಿಗಳಲ್ಲೇ ಬೆಂದದ್ದಿರಬೇಕು. ಆಮೇಲೆ ಕೂದಲಿನಂತೆ ಬೇರುಗಳು, ಜಡೆಗಟ್ಟಿ ತೂಗುತ್ತಿದ್ದವು. ಅದನ್ನೂ ಸರಿಸಿಕೊಂಡು ಕ್ಯಾಮೆರಾ ಮುಂದೆ ಹೋಯಿತು. ಹಿಂದಿನ ಕೋಣೆಯ ಸರಿಯಾಗಿ ಅಡಿಯಲ್ಲಿ ಪೈಪು ಹೊಟ್ಟೆ ಇಳಿಬಿಟ್ಟಂತೆ ಕುಸಿದಿತ್ತು. ಮೇಲ್ಭಾಗ ಬಿರುಕು ಬಿಟ್ಟು, ಒಂದು ತುಂಡು ಒಳಗೆ ಬಿದ್ದಿತ್ತು. ಕ್ಯಾಮೆರಾ ಅಲ್ಲಿ ಮುಳುಗಿತು. ಪರದೆ ಕಪ್ಪಾಯಿತು.

"ಕೋಣೆ ಕಟ್ಟಿದ ಭಾರಕ್ಕೆ ಕುಸಿದಿರೋದು," ಎಂದಳು ಕ್ಯಾಮೆರಾ ಹಿಡಿದಿದ್ದವಳು. "ಈ ಮನೆಯೊಂದರದ್ದೇ ಪೈಪು. ಕೊಂಡವರ ತಲೆಗೇ ಬರುತ್ತೆ."

ಮಾತಾಡಿದ್ದು ಹೋಲ್ಡ್‌ಕ್ರಾಫ್ಟ್. ಅವರು ಕುಂಡದ ಅಂಚಿನ ಮೇಲೆ ಕೂತುಬಿಟ್ಟಿದ್ದರು.

"ನನ್ನ ಹೆಂಡತಿ ಕಾಯಿಲೆ ಬಿದ್ದಾಗ ಕಟ್ಟಿಸಿದ್ದು ಈ ಕೋಣೆ. ಅವಳಿಗೂ ಮೆಟ್ಟಿಲು ಹತ್ತೋಕಾಗ್ತಿರಲಿಲ್ಲ. ಅವಸರ ಅವಸರ. ಅಡಿಯಲ್ಲಿ ಪೈಪಿದೆ ಅಂತ ಕೆಲಸದವರು ಹೇಳಿದ್ರು, ಆಮೇಲೆ ನೋಡಿಕೊಳ್ಳೋಣ ಅಂದೆ. ಪ್ರತಿ ಚಳಿಗಾಲವೂ ಕಟ್ಟಿಕೊಳ್ಳೋದು. ಏನೇನೋ ಪುಡಿ ಸುರೀತಿದ್ದೆ. ಒಂದು ಸಲ..." ಅವರು ಕೋಣೆಯ ಕಡೆ ನೋಡಿದರು. "ಅವಳು ಹಾಸಿಗೆ ಮೇಲಿದ್ಲು," ಎಂದರು. "ನಾನು ಅಂಗಡಿಗೆ ಹೋಗಿದ್ದೆ."

ರೋವೀನಾ, ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿರುವವಳು, ಚೇಂಬರ್ ಮುಚ್ಚಳದ ಮೇಲಿನ ಮಣ್ಣನ್ನು ಕಾಲಿನಿಂದ ಸರಿಸುತ್ತ ನಿಂತಳು.

"ಹೇಳಬೇಕಿತ್ತು," ಎಂದರು ಹೋಲ್ಡ್‌ಕ್ರಾಫ್ಟ್. "ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೊನ್ನೆ ನಿಮ್ಮ ತಾಯಿ ಆ ಕಿಟಕಿ ಹತ್ತಿರ ನಿಂತಾಗ ನನಗೆ ಬ್ರೆಡ್ ಬೇಯಿಸಿದ್ದಕ್ಕೆ ನಾಚಿಕೆ ಆಯ್ತು."

ಡೆನ್ಜಿಲ್ ಪಕ್ಕದಲ್ಲಿ ಹೋಗಿ ಕೂತ. ಕುಂಡ ಇಬ್ಬರಿಗೂ ಸಾಲದು, ಅರ್ಧ ಗಾಳಿಯಲ್ಲೇ ಕೂತ. "ಮನೆ ನಮಗೆ ಬೇಕು ಸರ್. ಆದ್ರೆ ಹೀಗಲ್ಲ. ಪೈಪು ಸರಿಯಾದ್ರೆ ಮಾತ್ರ ಸಹಿ."

ಸರಪಳಿ ಕಡಿಯಲಿಲ್ಲ, ಉದ್ದವಾಯಿತು ಅಷ್ಟೆ. ಎಲ್ಲರೂ ಗೊಣಗಿದರು, ಎಲ್ಲರೂ ಕಾದರು. ಹೋಲ್ಡ್‌ಕ್ರಾಫ್ಟ್ ತಮ್ಮ ಖರ್ಚಿನಲ್ಲೇ ಹಳೆಯ ಪೈಪಿಗೆ ಎರಡೂ ಕಡೆ ಬಿರಡೆ ಹಾಕಿಸಿ, ಕೋಣೆಯನ್ನು ಬಳಸಿಕೊಂಡು ಹೋಗುವಂತೆ ಹೊಸ ಪೈಪು ಹೂಳಿಸಿದರು. ಪರೀಕ್ಷೆಗೆ ಮತ್ತೆ ಕ್ಯಾಮೆರಾ ಬಿಟ್ಟಾಗ ಡೆನ್ಜಿಲ್ ಅಂಗಡಿಗೆ ರಜೆ ಹಾಕಿ ಬಂದು ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದ.

ಆಗಸ್ಟಿನಲ್ಲಿ ಅವರು ಮನೆಗೆ ಬಂದರು. ಸಾಮಾನಿನ ಪೆಟ್ಟಿಗೆಗಳು ಹಾಲಿನ ತುಂಬ ಬಿದ್ದಿದ್ದವು. ಚಹಾದ ಕೆಟಲ್ ಯಾವ ಪೆಟ್ಟಿಗೆಯಲ್ಲಿದೆ ಎಂದು ಗ್ವೆಂಡಾ, ರೋವೀನಾ ಜಗಳವಾಡುತ್ತಿದ್ದರು. ಐರಿಸ್ ಅಜ್ಜಿ ವಾಕರ್ ಹಿಡಿದು ನೇರವಾಗಿ ಕೆಳಗಿನ ಬಚ್ಚಲಿಗೆ ಹೋಗಿ ಬಾಗಿಲು ಮುಚ್ಚಿಕೊಂಡರು.

"ಡೆನ್ಜಿಲ್! ಮೇಲೆ ಹೋಗಿ ಫ್ಲಶ್ ಮಾಡೋ!"

ಅವನು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದ. ಒತ್ತಿದ. ನೀರು ಗೋಡೆಯೊಳಗೆ ಧಡಧಡನೆ ಇಳಿಯಿತು. ನೆಲದಡಿಗೆ ಹೋಯಿತು. ಮನೆಯವರೆಲ್ಲ ಉಸಿರು ಹಿಡಿದರು. ರೋವೀನಾ ಕೈಯಲ್ಲಿ ಕೆಟಲ್ ಹಿಡಿದುಕೊಂಡು ಬಾಗಿಲಿಗೆ ಕಿವಿಕೊಟ್ಟಳು.

ಒಳಗೆ ಬಹಳ ಹೊತ್ತು ಸದ್ದಿಲ್ಲ.

"ಏನಮ್ಮಾ?" ಡೆನ್ಜಿಲ್ ಮೇಲಿನಿಂದಲೇ ಕೂಗಿದ.

"ಯಾರೂ ಮಾತಾಡಿಸ್ತಿಲ್ಲ ಕಣೋ ಬಾತು," ಎಂದರು ಅಜ್ಜಿ ಒಳಗಿನಿಂದ. "ಈಗ ನೀವೆಲ್ಲ ಬಾಗಿಲು ಬಿಟ್ಟು ಹೋದ್ರೆ, ನಾನು ಬಂದ ಕೆಲಸ ಮಾಡ್ತೀನಿ."

ಓದುತ್ತಿರುವ ಅಕ್ಕ, ಅಣ್ಣ, ನೀವು ಕೊಳ್ಳಹೊರಟ ಮನೆ ಬರ್ಸ್ಲೆಮ್‌ನಲ್ಲಿ ಇರಲಾರದು. ಬಳ್ಳಾರಿಯಲ್ಲೋ ಬೆಳಗಾವಿಯಲ್ಲೋ ನಿಮ್ಮದೇ ಬಡಾವಣೆಯ ಮೂರನೇ ಅಡ್ಡರಸ್ತೆಯಲ್ಲೋ ಇದ್ದೀತು. ಅಲ್ಲಿ ಬ್ರೆಡ್ಡಿನ ಬದಲು ಊದುಬತ್ತಿ ಉರಿಯುತ್ತಿರಬಹುದು. ಚೇಂಬರಿನ ಮೇಲೆ ಕುಂಡದ ಬದಲು ಹೊಸ ಟೈಲ್ಸ್ ಹಾಕಿರಬಹುದು. ಮುಂಗಡ ಕೊಡುವ ಮುಂಚೆ, ಕರಾರಿಗೆ ಕೈಹಾಕುವ ಮುಂಚೆ, ಕೊಳೆನೀರು ಎಲ್ಲಿಗೆ ಹೋಗುತ್ತದೆಂದು ಕೇಳಿ. ಊರ ಒಳಚರಂಡಿಗೋ, ಗುಂಡಿಗೋ, ಪಕ್ಕದವರ ಖಾಲಿ ಸೈಟಿಗೋ? ಬಾಯಿಮಾತು ನಂಬದೆ ಮುಚ್ಚಳ ತೆಗೆಸಿ ನೋಡಿ. ನೀರು ನಿಂತಿದ್ದರೆ ಯಾಕೆಂದು ಕೇಳಿ. ಗೋಡೆಯ ಬುಡಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಮೂಗು ಹತ್ತಿರ ಒಯ್ಯಿರಿ. ಸಾಧ್ಯವಾದರೆ ದೊಡ್ಡ ಮಳೆಯ ಮರುದಿನ ಇನ್ನೊಮ್ಮೆ ಹೋಗಿ ಬನ್ನಿ. ಪೈಪಿನೊಳಗೆ ಇಳಿಯಬೇಕಾದದ್ದು ಕ್ಯಾಮೆರಾ. ಚೇಂಬರಿಗಾಗಲಿ ಗುಂಡಿಗಾಗಲಿ ಮನುಷ್ಯರನ್ನು ಯಾವ ಕಾರಣಕ್ಕೂ ಇಳಿಸಬೇಡಿ, ನೀವೂ ಇಳಿಯಬೇಡಿ.

ಮನೆಯೊಡೆಯರು ಒಳ್ಳೆಯವರೇ ಇರಬಹುದು. ಹೋಲ್ಡ್‌ಕ್ರಾಫ್ಟ್ ಕೂಡ ಒಳ್ಳೆಯವರೇ. ಕೇಳಿದರೆ ಹೇಳುತ್ತಿದ್ದರು. ನಿಮಗೆ ಸಂಕೋಚವಾಯಿತೇ? ಮನೆಯಲ್ಲಿ ಒಬ್ಬರು ಮೇಲಕ್ಕೆ ಹೋಗಿ, ಒಬ್ಬರು ಕೆಳಗೆ ನಿಲ್ಲಿ. ಯಾರಾದರೂ ಏನು ಮಾಡುತ್ತಿದ್ದೀರಿ ಎಂದು ಹುಬ್ಬೇರಿಸಿದರೆ, ಐರಿಸ್ ಅಜ್ಜಿ ಹೇಳಿ ಕಳಿಸಿದ್ದಾರೆ ಎನ್ನಿ. ಆಮೇಲೆ ಫ್ಲಶ್ ಒತ್ತಿ, ಕಿವಿಗೊಟ್ಟು ಕೇಳಿ.